ತಂಗಿಯ ಸಾವನ್ನು ಕೊಂಡೊಯ್ದವಳು

ಆವತ್ತು ಬೆಳಿಗ್ಗೆ ಗಾಳಿ ಎದ್ದಿತ್ತು. ಮಳೆ ತರುವ ಗಾಳಿಯಲ್ಲ, ಮೋಡ ಚದುರಿಸುವ ಗಾಳಿಯೂ ಅಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು. ಅದರ ಕೆಳಗೆ ಈ ಗಾಳಿ ಯಾರ ಮೇಲಿನ ಸಿಟ್ಟೋ ಏನೋ, ಬೀದಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. ಅಂಗಡಿಗಳ ಬೋರ್ಡುಗಳು ಕಿರುಗುಟ್ಟಿದವು. ಇಸ್ತ್ರಿಯವನ ಗೂಡಿನಿಂದ ಒಂದು ಬಿಳಿ ಅಂಗಿ ಹಾರಿಹೋಗಿ, ಎದುರು ಕಟ್ಟಡದ ಮೊದಲ ಮಹಡಿಯ ಕಂಬಿಗೆ ಸಿಕ್ಕಿಕೊಂಡು, ಯಾರನ್ನೋ ಕರೆಯುವಂತೆ ತೋಳು ಬೀಸತೊಡಗಿತು.

"ಟೈಲರಕ್ಕಾ, ನೋಡಿದ್ರಾ? ನನ್ನ ಗಿರಾಕಿ ದುಡ್ಡು ಕೊಡದೆ ಮೇಲಕ್ಕೆ ಹೋಗ್ಬಿಟ್ಟ!" ಎಂದು ಇಸ್ತ್ರಿಯವನು ಕೂಗಿದ.

ಟೈಲರಕ್ಕನಿಗೆ ನಗು ಬಂತು. ಆದರೆ ಅದು ಗಂಟಲವರೆಗೆ ಬಂದು, ಬಾಗಿಲು ಮುಚ್ಚಿದ್ದು ನೋಡಿ ಹಿಂದಿರುಗಿದ ನೆಂಟನ ಹಾಗೆ, ಒಳಕ್ಕೇ ಹೋಯಿತು. ಹನ್ನೊಂದು ತಿಂಗಳಿಂದ ಹೀಗೇ.

ಅವಳದು ಗಂಡಸರ ಕೋಟು ಹೊಲಿಯುವ ಅಂಗಡಿ. ಒಂದೇ ಕೋಣೆ, ಒಂದು ಉದ್ದ ಮೇಜು, ಗೋಡೆಗೆ ನೇತುಹಾಕಿದ ಕಾಗದದ ಅಳತೆಗಳು, ಎರಡು ಹೊಲಿಗೆ ಮಿಷನ್ನು. ಒಂದು ಮಿಷನ್ನು ದಿನವಿಡೀ ಓಡುತ್ತಿತ್ತು. ಇನ್ನೊಂದಕ್ಕೆ ಬಿಳಿ ಬಟ್ಟೆ ಹೊದಿಸಿತ್ತು. ಅದು ತಂಗಿಯದು. ಅಕ್ಕ-ತಂಗಿ ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಇಪ್ಪತ್ತು ವರ್ಷ ಎದುರುಬದುರು ಕೂತು ಹೊಲಿದವರು. ಒಂದೇ ಪಾತ್ರೆಯಲ್ಲಿ ಉಂಡು, ಒಂದೇ ಕೊಡೆಯಲ್ಲಿ ನೆನೆದವರು. ಹನ್ನೊಂದು ತಿಂಗಳ ಹಿಂದೆ ಒಂದು ಮಧ್ಯಾಹ್ನ ತಂಗಿ ಗುಂಡಿ ತರಲು ಹೋದವಳು, ಎರಡು ಬೀದಿ ಆಚೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಳು, ಕೂತಲ್ಲೇ ಹೃದಯ ನಿಂತಿತು. ಜನ ನಿದ್ದೆ ಅಂದುಕೊಂಡರಂತೆ. ಒಂದು ಗಂಟೆ ಯಾರೂ ಎಬ್ಬಿಸಲಿಲ್ಲ.

"ಕೆಲಸ ಮಾಡ್ತಾ ಮಾಡ್ತಾನೇ ಹೋದಳು, ಪುಣ್ಯವಂತೆ," ಎಂದು ಹೆತ್ತ ತಾಯಿ ಹೇಳಿಕೊಂಡು ಸಮಾಧಾನ ಮಾಡಿಕೊಂಡಳು. ಅಣ್ಣ, ಅತ್ತಿಗೆ, ಬೀದಿಯವರು ಎಲ್ಲರೂ ಅದನ್ನೇ ಹೇಳಿದರು. ಟೈಲರಕ್ಕ ಮಾತ್ರ ಸುಮ್ಮನೆ ತಲೆಯಾಡಿಸಿದಳು. ಆ ಕತೆಯಲ್ಲಿ ಒಂದು ಮಾತು ಸುಳ್ಳಿತ್ತು. ತಂಗಿ ಗುಂಡಿ ತರಲು ಹೋಗಿರಲಿಲ್ಲ. ಆ ಸುಳ್ಳನ್ನು ಹೇಳಿದವಳು ಟೈಲರಕ್ಕನೇ. ದಿನಾ ಸಂಜೆ ದೇವರ ಮುಂದೆ ಕಣ್ಣು ಮುಚ್ಚಿದಾಗಲೂ ಅವಳು ಆ ಮಾತಿನ ಹತ್ತಿರ ಬಂದು, ಪಕ್ಕಕ್ಕೆ ಸರಿದು ಹೋಗುತ್ತಿದ್ದಳು. ಎಲ್ಲ ಬಲ್ಲವನ ಮುಂದೆ ಹೇಳುವುದೇನಿದೆ ಎಂದು ನೆಪ. ಆದರೆ ಮನುಷ್ಯನಿಗೆ, ದೇವರು ಬಲ್ಲನೆಂದು ಗೊತ್ತಿದ್ದರೂ, ಮನುಷ್ಯರ ಕಿವಿಯೊಂದು ಬೇಕಾಗುತ್ತದೆ.

ಆ ಗಾಳಿಯ ಹಿಂದೆಯೇ ಬಂದವಳು ಗಿರಗಿಟ್ಲೆ.

ಹೆಸರು ಅವಳೇ ಹೇಳಿಕೊಂಡದ್ದು. "ನಿಂತಲ್ಲಿ ನಿಲ್ಲಲ್ಲ ಅಂತ ಎಲ್ರೂ ಹಾಗೇ ಕರೀತಾರೆ." ಮೂವತ್ತೈದರ ಆಸುಪಾಸು, ಬಿಸಿಲಿಗೆ ಬಣ್ಣಗೆಟ್ಟ ಕೂದಲು, ಬೆನ್ನ ಮೇಲಿನ ಚೀಲದ ಜಿಪ್ಪು ಒಂದು ಕಡೆ ಪೂರಾ ಬಿಚ್ಚಿಕೊಂಡು ನೇತಾಡುತ್ತಿತ್ತು.

"ಅಕ್ಕಾ, ಈ ಚೀಲಕ್ಕೆ ಬಾಯಿ ಮುಚ್ಚಕ್ಕೇ ಬರಲ್ಲ, ಥೇಟ್ ನನ್ನ ಹಾಗೆ. ಒಂದು ಹೊಲಿಗೆ ಹಾಕಿ ಕೊಡ್ತೀರಾ? ಎರಡು ಗಂಟೆಗೆ ಹಡಗು."

ಟೈಲರಕ್ಕ ಚೀಲವನ್ನು ಬೆಳಕಿಗೆ ಹಿಡಿದಳು. ಸವೆದು ಬಿಚ್ಚಿದ ಹೊಲಿಗೆಯಲ್ಲಿ ದಾರಕ್ಕೆ ಜುಂಗು ಎದ್ದಿರುತ್ತದೆ. ಇಲ್ಲಿ ದಾರದ ತುದಿಗಳೆಲ್ಲ ಒಂದೇ ಸಮ, ಚೂಪಾಗಿ, ಬ್ಲೇಡು ಆಡಿಸಿದ ಹಾಗಿದ್ದವು. ಕಣ್ಣಿಗೆ ಬಿತ್ತು. ಆದರೆ ಗಿರಾಕಿಯ ಚೀಲದ ಗುಟ್ಟು ಕೆದಕುವುದು ಅವಳ ಸ್ವಭಾವವಲ್ಲ. ಸೂಜಿಗೆ ದಾರ ಪೋಣಿಸಿದಳು.

ಗಿರಗಿಟ್ಲೆ ಸ್ಟೂಲಿನ ಮೇಲೆ ಕೂತು ಅಂಗಡಿಯನ್ನೆಲ್ಲ ನೋಡಿದಳು. ಬಟ್ಟೆ ಹೊದಿಸಿದ ಮಿಷನ್ನಿನ ಮೇಲೆ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾ, ನೀವು ಕೊನೇ ಸಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ಯಾವಾಗ?"

ಟೈಲರಕ್ಕನ ಸೂಜಿ ನಿಂತಿತು. ಅಳತೆಗೆಂದು ಎದೆಗೆ ಟೇಪು ಸುತ್ತಿದ ಕೂಡಲೇ ಗಿರಾಕಿಗಳಿಗೆ ಅದೇನಾಗುತ್ತದೋ, ಒಳಗಿದ್ದದ್ದೆಲ್ಲ ಬಾಯಿಗೆ ಬರುತ್ತದೆ: ಹೆಂಡತಿ ಮಾತು ಬಿಟ್ಟದ್ದು, ಮಗ ಫೇಲಾದದ್ದು, ಹೊಟ್ಟೆ ಬಂದದ್ದು. ಇಪ್ಪತ್ತು ವರ್ಷದಲ್ಲಿ ಎಷ್ಟು ಕೇಳಿದ್ದಾಳೋ. ಆದರೆ ಅಳತೆ ತೆಗೆಯುವವಳ ಅಳತೆ ಯಾರೂ ಕೇಳಿರಲಿಲ್ಲ.

"ನೆನಪಿಲ್ಲ," ಎಂದಳು.

"ಹಾಗಾದ್ರೆ ಬನ್ನಿ ನನ್ನ ಜೊತೆ. ಸತ್ಯವಾಗ್ಲೂ! ನನ್ನ ಗೆಳತಿ ಬರಬೇಕಿತ್ತು, ಕೈ ಕೊಟ್ಟಳು. ಇಬ್ಬರ ಟಿಕೆಟ್ಟು, ಒಂದು ಸುಮ್ಮನೆ ಹಾಳಾಗುತ್ತೆ. ಐದು ದಿನ. ಹಡಗಿನ ಕೆಳ ಅಂತಸ್ತು, ಬ್ರೆಡ್ಡು ಕಟ್ಕೊಂಡು ಹೋಗೋದು, ಇಬ್ಬರಿಗೆ ಒಂದು ರೂಮು. ಇಲ್ಲಿ ಕೂತು ಉಣ್ಣೋದಕ್ಕಿಂತ ಕಡಿಮೆ ಖರ್ಚು ಮಾಡಿಸಿ ತೋರಿಸ್ತೀನಿ. ಪಾಸ್‌ಪೋರ್ಟ್ ಇದೆಯಾ?"

ಇತ್ತು. ಮೂರು ವರ್ಷದ ಹಿಂದೆ ಅಕ್ಕ-ತಂಗಿ ಆಸೆಪಟ್ಟು ಮಾಡಿಸಿದ್ದು. ಒಂದು ಮುದ್ರೆಯೂ ಬೀಳದೆ, ಗುಂಡಿಯ ಡಬ್ಬಿಯ ತಳದಲ್ಲಿ, ಎರಡೂ ಒಂದರ ಮೇಲೊಂದು ಮಲಗಿದ್ದವು.

ಇಂಥ ಹೊತ್ತಿನಲ್ಲಿ ಮನುಷ್ಯ ಯಾಕೆ ಹೂಂ ಅನ್ನುತ್ತಾನೆ ಎಂದು ಕೇಳಿದರೆ ಹೇಳುವುದು ಕಷ್ಟ. ಹನ್ನೊಂದು ತಿಂಗಳು ಒಂದೇ ಮಿಷನ್ನಿನ ಸದ್ದು ಕೇಳಿದ್ದಕ್ಕಿರಬಹುದು. ಕೇಳದೆ ಬಂದದ್ದನ್ನು ದೇವರೇ ಕಳಿಸಿದ್ದೆಂದು ನಂಬುವವಳು ಅವಳು, ಅದಕ್ಕೂ ಇರಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿಯ ಷಟರ್ ಎಳೆದು, ಬೀಗದ ಕೈಯನ್ನು ಇಸ್ತ್ರಿಯವನಿಗೆ ಕೊಟ್ಟಳು.

"ಎಲ್ಲಿಗಕ್ಕಾ?"

"ಸಮುದ್ರದಾಚೆ."

ಅವನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಹಾಗೇ ನಿಂತು, ಬಟ್ಟೆ ಕಮರಿದ ವಾಸನೆ ಬಂತು.

ದಾರಿಯಲ್ಲಿ ಅಣ್ಣನ ಫೋನು. "ಯಾರ ಜೊತೆ ಹೋಗ್ತಿದೀಯಾ?"

"ಒಬ್ಬಳು. ಚೀಲ ಹೊಲಿಸಕ್ಕೆ ಬಂದಿದ್ದಳು."

"ಚೀಲ ಹೊಲಿಸಕ್ಕೆ ಬಂದವಳ ಜೊತೆ ದೇಶ ಬಿಟ್ಟು ಹೋಗ್ತಾರೇನೇ? ನಾಳೆ ಗುಂಡಿ ಹಾಕಿಸಕ್ಕೆ ಬಂದವನು ಚಂದ್ರಲೋಕಕ್ಕೆ ಕರೀತಾನೆ, ಹೋಗ್ತೀಯಾ?"

ಗಿರಗಿಟ್ಲೆ ಪಕ್ಕದಲ್ಲಿ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕಳು. ಅದನ್ನು ನೋಡಿ ಟೈಲರಕ್ಕನೂ ನಕ್ಕಳು. ಈ ಸಲ ನಗು ಗಂಟಲಲ್ಲಿ ನಿಲ್ಲಲಿಲ್ಲ.

ಹಡಗು ದಡ ಬಿಟ್ಟಾಗ ಗಾಳಿ ತಗ್ಗಿತ್ತು. ಕೆಳ ಅಂತಸ್ತಿನಲ್ಲಿ ಎಣ್ಣೆಯ ವಾಸನೆ, ಮಕ್ಕಳ ಅಳು, ಕಟ್ಟಿದ ಗಂಟುಗಳ ಮೇಲೆ ಕಾಲು ಚಾಚಿ ಮಲಗಿದ ಜನ. ಇಬ್ಬರೂ ಮೆಟ್ಟಿಲು ಹತ್ತಿ ಮೇಲೆ ಬಂದು, ಲೈಫ್ ಬೋಟಿನ ನೆರಳಲ್ಲಿ ಕೂತರು. ಗಿರಗಿಟ್ಲೆ ಬ್ರೆಡ್ಡು ಮುರಿದು ದೊಡ್ಡ ತುಂಡನ್ನು ಅಕ್ಕನಿಗೆ ಕೊಟ್ಟಳು. ತಾನು ಕಂಡ ಊರು, ಮಲಗಿದ ರೈಲ್ವೆ ಸ್ಟೇಷನ್ನು, ಒಂದೇ ಜೊತೆ ಚಪ್ಪಲಿಯಲ್ಲಿ ದಾಟಿದ ಮೂರು ಗಡಿ ಎಲ್ಲವನ್ನೂ ಹೇಳಿದಳು. ಹೇಳಿ ಹೇಳಿ, ಬಿಸಿಲು ಇಳಿಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಸುಮ್ಮನಾದಳು. ಆ ಸುಮ್ಮನಿರುವುದರಲ್ಲಿ ಒಂದು ಹದವಿತ್ತು. ಎದುರಿಗಿದ್ದವರು ತಾವೇ ಬಾಯಿ ತೆರೆಯಬೇಕು, ಅಂಥ ಹದ.

"ಆ ಇನ್ನೊಂದು ಮಿಷನ್ ಯಾರದಕ್ಕಾ?"

ಟೈಲರಕ್ಕ ನೀರನ್ನು ನೋಡಿದಳು. ಹಡಗಿನ ಹಿಂದೆ ಬಿಳಿ ಗೆರೆಯೊಂದು ಹರಿದು, ಕೂಡಿ, ಮಾಯವಾಗುತ್ತಿತ್ತು. ಅವಳು ಹೇಳಿದಳು.

ಮದುಮಗನೊಬ್ಬನ ಕೋಟು. ಸಂಜೆಯೊಳಗೆ ಕೊಡಬೇಕು. ತೋಳು ಕೂರಿಸುವ ಕೆಲಸ ತಂಗಿಯದು. ಬಿಡಿಯಾಗಿ ಮೇಜಿನ ಮೇಲಿಟ್ಟರೆ ಎಡದ ತೋಳೂ ಬಲದ ತೋಳೂ ಅವಳಿ-ಜವಳಿ. ಆದರೆ ಕೈ ಮುಂದಕ್ಕೆ ಬಾಗುವ ಅಂದಾಜಿನಲ್ಲಿ ಕತ್ತರಿಸಿರುತ್ತದೆ. ಆವತ್ತು ತಂಗಿ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದಳು. ಮದುಮಗ ಹಾಕಿಕೊಂಡು ನಿಂತರೆ ಎರಡು ಕೈಯೂ ಬೆನ್ನ ಕಡೆಗೆ ತಿರುಗಿ, ಓಡಿಹೋಗಲು ಸಿದ್ಧನಾದವನ ಹಾಗೆ ಕಂಡ. ಅವನ ಗೆಳೆಯರು ನಕ್ಕರು. ತಂಗಿಯೂ ನಕ್ಕಳು. ಅವಳು ನಕ್ಕದ್ದೇ ಅಕ್ಕನ ತಲೆಗೇರಿತು. "ಇಪ್ಪತ್ತು ವರ್ಷ ಕಲಿಸಿದ್ರೂ ಎಡ ಯಾವುದು ಬಲ ಯಾವುದು ಗೊತ್ತಿಲ್ಲ ನಿನಗೆ. ಎದ್ದು ಹೋಗು. ನಿನ್ನ ಮುಖ ನೋಡಿದ್ರೆ ಮೈ ಉರಿಯುತ್ತೆ." ಗಿರಾಕಿಗಳ ಮುಂದೆ ಅಂದದ್ದು. ತಂಗಿ ಟೇಪನ್ನು ಸುತ್ತಿಟ್ಟು, ಮಾತಿಲ್ಲದೆ ಚಪ್ಪಲಿ ಮೆಟ್ಟಿ ಹೊರಟಳು. ಅವಳು ಬೆಂಚಿನ ಮೇಲೆ ಕೂತು ಸಾಯುತ್ತಿದ್ದ ಹೊತ್ತಿನಲ್ಲಿ ಅಕ್ಕ ಅಂಗಡಿಯಲ್ಲಿ ಅವಳನ್ನು ಬೈದುಕೊಳ್ಳುತ್ತ ತೋಳು ಬಿಚ್ಚುತ್ತಿದ್ದಳು.

"ಯಾರಿಗೂ ಹೇಳಿಲ್ಲ," ಎಂದಳು ಟೈಲರಕ್ಕ. "ಅಮ್ಮನಿಗೂ. ಗುಂಡಿ ತರಕ್ಕೆ ಹೋಗಿದ್ದಳು ಅಂದೆ."

ಗಿರಗಿಟ್ಲೆ ಅವಳ ಹತ್ತಿರ ಸರಿದಳು. ಕೈ ಹಿಡಿದುಕೊಂಡಳು. ಹಿಡಿದ ಕೈ ಬಿಡದೆ, "ಆ ಕೋಟು ಯಾವ ಬಣ್ಣ ಅಕ್ಕಾ?" ಎಂದು ಕೇಳಿದಳು. "ಹೋಗುವಾಗ ತಿರುಗಿ ನೋಡಿದ್ಲಾ?"

ಪ್ರೀತಿಯಿಂದ ಕೇಳುತ್ತಾಳೆ ಎಂದುಕೊಂಡಳು ಟೈಲರಕ್ಕ. ಬೂದು ಬಣ್ಣ ಎಂದಳು. ತಿರುಗಿ ನೋಡಲಿಲ್ಲ ಎಂದಳು. ಬಹಳ ದಿನದ ಮೇಲೆ ಆವತ್ತು ಅವಳಿಗೆ, ಎಂಜಿನ್ನಿನ ಗದ್ದಲದಲ್ಲೂ, ಒಳ್ಳೆಯ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಇಳಿದ ಊರು ಗುಡ್ಡದ ಮೈಗೆ ಅಂಟಿಕೊಂಡಿತ್ತು. ಮುದ್ರೆ ಒತ್ತುವ ಅಧಿಕಾರಿ ಅವಳ ಪಾಸ್‌ಪೋರ್ಟಿನ ಖಾಲಿ ಹಾಳೆಗಳನ್ನು ತಿರುವಿ, ಎಲ್ಲಿ ಒತ್ತಬೇಕೆಂದು ತಿಳಿಯದವನಂತೆ ಒಂದು ಗಳಿಗೆ ನಿಂತ. ಬಂದರಿನಿಂದ ಮೆಟ್ಟಿಲು ಹತ್ತಿದರೆ ಮೂರು ಅಂತಸ್ತಿನ ಕಿರಿದಾದ ವಸತಿಮನೆ. ಅದನ್ನು ನಡೆಸುವ ಮುದುಕಿಯನ್ನು ಎಲ್ಲರೂ ಮನೆಯಮ್ಮ ಎನ್ನುತ್ತಿದ್ದರು. ನಲವತ್ತು ವರ್ಷದ ಹಿಂದೆ ಸಮುದ್ರದ ಈಚೆಯಿಂದ ಮದುವೆಯಾಗಿ ಹೋದವಳು. ಗಂಡ ತೀರಿಕೊಂಡ ಮೇಲೆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ತವರಿನ ಮಾತು ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿಟ್ಟದ್ದನ್ನೂ ಮರೆಯುವವಳು. ಗಿರಗಿಟ್ಲೆಗೆ ಇದು ಮೊದಲೇ ಗೊತ್ತಿತ್ತು.

"ಅಕ್ಕಾ, ನೀನು ಮೇಲೆ ಹೋಗಿ ಮಲಗು. ರೇಟು ಮಾತಾಡೋದು ನನಗೆ ಬಿಡು," ಎಂದಳು. ಹಡಗಿಳಿಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಆಗಿತ್ತು. ಅದೂ ಟೈಲರಕ್ಕನಿಗೆ ಹಿತವೇ ಆಗಿತ್ತು.

ಆದರೆ ಮನೆಯಮ್ಮ ಅವಳನ್ನು ಕಂಡಾಗಲೆಲ್ಲ ವಿಚಿತ್ರವಾಗಿ ಆಡುತ್ತಿದ್ದಳು. ಮೆಟ್ಟಿಲ ಮೇಲೆ ಸಿಕ್ಕರೆ ಕಿವಿಯ ಹತ್ತಿರ ಬಂದು, "ಬಿಸಿನೀರೂ! ಬೇಕಾದ್ರೇ! ಕೇಳೂ!" ಎಂದು ಸಂತೆಯಲ್ಲಿ ಕೂಗುವಂತೆ ಕೂಗಿ, ಕೈಸನ್ನೆಯಲ್ಲಿ ನೀರು ಸುರಿದು ತೋರಿಸುತ್ತಿದ್ದಳು. ಇಷ್ಟು ವರ್ಷ ಈ ದೇಶದಲ್ಲಿದ್ದವರ ರೀತಿಯೇ ಹೀಗಿರಬೇಕು ಎಂದು ಟೈಲರಕ್ಕ ತಾನೂ ಜೋರಾಗಿ ತಲೆಯಾಡಿಸಿದಳು.

ಆ ದಿನ ಊರೆಲ್ಲ ತಿರುಗಿದರು. ಕಾಸು ಕೊಡದೆ ನೋಡಬಹುದಾದದ್ದನ್ನೆಲ್ಲ ನೋಡಿದರು. ಸಂಜೆ ಟೈಲರಕ್ಕ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಹಿತ್ತಿಲಿಗೆಂದು ಕೆಳಗಿಳಿದಳು. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗಿರಗಿಟ್ಲೆಯ ದನಿ ಕೇಳಿತು. ತುಂಬಿ ಬಂದ ದನಿ.

"...ಬೂದು ಕೋಟು ಅಮ್ಮ. ಮದುಮಗನದು. ತೋಳು ಅದಲುಬದಲು ಮಾಡಿಬಿಟ್ಟಿದ್ಲು ನನ್ನ ತಂಗಿ. ನಾನು ಪಾಪಿ, ಅಂದುಬಿಟ್ಟೆ. ನಿನ್ನ ಮುಖ ನೋಡಿದ್ರೆ ಮೈ ಉರಿಯುತ್ತೆ ಅಂತ."

ಟೈಲರಕ್ಕ ಮೆಟ್ಟಿಲ ಮೇಲೇ ನಿಂತಳು.

"ಹೊರಗೆ ಧೋ ಅಂತ ಮಳೆ. ಬಾಗಿಲಲ್ಲಿ ನಿಂತು ಒಂದು ಸಲ ತಿರುಗಿ ನೋಡಿದ್ಲು ಅಮ್ಮ. 'ಅಕ್ಕಾ' ಅಂದ್ಲು. ಅಷ್ಟೇ. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಸಿಕ್ಕಿದ್ಲು. ನನ್ನ ತೊಡೆ ಮೇಲೇ ತಲೆ ಇಟ್ಟು..."

ಮಳೆ ಇರಲಿಲ್ಲ. ಸುಡುಬಿಸಿಲಿತ್ತು. ಯಾರೂ ತಿರುಗಿ ನೋಡಿರಲಿಲ್ಲ, ಯಾರೂ ಬರಿಗಾಲಲ್ಲಿ ಓಡಿರಲಿಲ್ಲ. ಆದರೂ, ದೇವರು ಕ್ಷಮಿಸಲಿ, ಅದು ಹಾಗೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಂದು ಕ್ಷಣ ಅವಳಿಗೆ ಅನ್ನಿಸಿತು. ಮರುಕ್ಷಣ ಇನ್ನೊಂದು ಮೆಟ್ಟಿಲಿಳಿದಳು.

ಬಾಗಿಲ ಸಂದಿಯಿಂದ ಕಂಡಿತು. ಮನೆಯಮ್ಮ ಎದ್ದು ಬಂದು, ಗಿರಗಿಟ್ಲೆಯ ಬಣ್ಣಗೆಟ್ಟ ಕೂದಲ ಮೇಲೆ ಅಗಲವಾದ ಕೈ ಇಟ್ಟಳು. "ಅಳಬೇಡ ಮಗಳೇ. ಆ ಮಾತನ್ನ ನಿನ್ನ ತಂಗಿ ಬೀದಿ ತಿರುವು ದಾಟೋದರೊಳಗೇ ಮರೆತಿರ್ತಾಳೆ. ಒಡಹುಟ್ಟಿದವರ ಸಿಟ್ಟಿಗೆ ಅಷ್ಟೇ ಆಯುಸ್ಸು." ಆಮೇಲೆ ಮೂಗೊರೆಸಿಕೊಂಡು, "ರೂಮಿನ ಬಾಡಿಗೆ ಗೀಡಿಗೆ ಅಂತ ಬಾಯಿ ತೆಗೀಬೇಡ. ಎಷ್ಟು ದಿನ ಬೇಕೋ ಇರಿ. ಪಾಪ, ಆ ಕಿವಿ ಕೇಳದ ದೊಡ್ಡಮ್ಮನ ಮಗಳನ್ನ ಬೇರೆ ಕಟ್ಕೊಂಡು ತಿರುಗ್ತೀಯಲ್ಲ, ದೊಡ್ಡ ಮನಸ್ಸು ನಿಂದು."

ಹನ್ನೊಂದು ತಿಂಗಳಿಂದ ಟೈಲರಕ್ಕ ಕಾದಿದ್ದ ಮಾತು ಅದು. ಯಾರಾದರೂ ಹೇಳುತ್ತಾರೆ ಎಂದು ಕಾದಿದ್ದಳು. ಹೇಳಬೇಕಾದರೆ ಮೊದಲು ತಾನು ಹೇಳಬೇಕು ಎಂದು ಹೆದರಿದ್ದಳು. ಅದು ಬಂತು. ಬಂದು, ಅವಳ ಕಣ್ಣೆದುರಿಗೇ, ಇನ್ನೊಬ್ಬಳ ತಲೆಯ ಮೇಲೆ ಕೂತಿತು. ಕೈಯಲ್ಲಿದ್ದ ಬಕೆಟ್ಟಿನಿಂದ ನೀರು ಮೆಟ್ಟಿಲ ಮೇಲೆ ತೊಟ್ಟಿಕ್ಕುತ್ತಿತ್ತು.

ಗಿರಗಿಟ್ಲೆ ಕೋಣೆಗೆ ಬಂದಾಗ ಟೈಲರಕ್ಕ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು.

"ಅದು ನನ್ನ ತಂಗಿ," ಎಂದಳು.

ಗಿರಗಿಟ್ಲೆ ಬಾಗಿಲು ಹಾಕಿದಳು. ಮುಖದಲ್ಲಿ ನಾಚಿಕೆ ಹುಡುಕಿದರೆ ಸಿಗಲಿಲ್ಲ. ಸ್ವಲ್ಪ ಬೇಸರ ಮಾತ್ರ, ಹಾಲು ಉಕ್ಕಿದ್ದನ್ನು ನೋಡಿದವಳ ಬೇಸರ.

"ಕೇಳಿಸ್ಕೊಂಡ್ಯಾ? ಹೂಂ, ನಿನ್ನ ತಂಗೀನೇ. ನಾನೇನು ಕಿತ್ಕೊಂಡ್ನಾ? ಹೇಳಿದ್ರಿಂದ ನಿನಗೇನು ಕಡಿಮೆಯಾಯ್ತು? ಬಾಡಿಗೆ ಉಳೀತು, ಊಟ ಸಿಕ್ತು. ಕಡಿಮೆ ಖರ್ಚಲ್ಲಿ ಮಾಡಿಸ್ತೀನಿ ಅಂದಿರಲಿಲ್ವಾ?"

"ನನ್ನ ಕಿವುಡಿ ಮಾಡಿದೆ."

"ಮತ್ತೆ? ನೀನು ಬಾಯಿ ಬಿಟ್ರೆ ನಂದು ನಡೆಯುತ್ತಾ?" ಅವಳು ಎದುರಿನ ಹಾಸಿಗೆಯ ಮೇಲೆ ಕೂತಳು. "ನೋಡಕ್ಕಾ, ಆರು ವರ್ಷದಿಂದ ತಿರುಗ್ತಿದೀನಿ. ನನ್ನ ಬದುಕಲ್ಲಿ ಕತೆ ಅಂತ ಏನೂ ಇಲ್ಲ. ಅಪ್ಪ ಇದಾನೆ, ಅಮ್ಮ ಇದಾಳೆ, ಇಬ್ರೂ ಗುಂಡುಕಲ್ಲಿನ ಹಾಗಿದಾರೆ. ಅದನ್ನ ಹೇಳಿದ್ರೆ ಯಾರು ಊಟ ಹಾಕ್ತಾರೆ? ಹೋದ ಸಲ ಜೊತೆಗೆ ಬಂದವಳದ್ದು ಮಗು ಹೋದ ಕತೆ. ಆರು ತಿಂಗಳು ಅದೇ ಹೇಳಿದೆ. ಹಳಸಿಹೋಯ್ತು, ನನಗೇ ಅಳು ಬರ್ತಿರಲಿಲ್ಲ."

ಟೈಲರಕ್ಕ ಅವಳನ್ನೇ ನೋಡಿದಳು. ಮೂಲೆಯಲ್ಲಿದ್ದ ಚೀಲವನ್ನು ನೋಡಿದಳು. ತಾನೇ ಹಾಕಿದ ಹೊಲಿಗೆ, ಒಂದೇ ಸಮ, ಗಟ್ಟಿಯಾಗಿ ಕೂತಿತ್ತು.

"ಆ ಜಿಪ್ಪು. ನೀನೇ ಕುಯ್ದದ್ದು."

"ಬರೀ ಸುಮ್ಮನೆ ಅಂಗಡಿಗೆ ಬಂದು ಕೂರಕ್ಕಾಗುತ್ತಾ? ಹಿಂದಿನ ದಿನ ಬೀದಿಯಲ್ಲಿ ಹೋಗುವಾಗ ನೋಡಿದೆ. ಎರಡು ಮಿಷನ್ನು, ಒಂದಕ್ಕೆ ಬಟ್ಟೆ ಹೊದಿಸಿ, ಒಬ್ಬಳೇ ಕೂತಿದೀಯ. ಅಲ್ಲೇ ಗೊತ್ತಾಯ್ತು, ಇಲ್ಲೇನೋ ಇದೆ ಅಂತ."

ಹಾಗಾದರೆ ಕೈ ಕೊಟ್ಟ ಗೆಳತಿ ಇರಲಿಲ್ಲ. ಹಾಳಾಗುತ್ತಿದ್ದ ಟಿಕೆಟ್ಟೂ ಇರಲಿಲ್ಲ, ಅದು ತನಗೆಂದೇ ಕೊಂಡದ್ದು. ದೇವರು ಕಳಿಸಿದ್ದೆಂದು ತಾನು ಕೈಮುಗಿದದ್ದು ಒಂದು ಬ್ಲೇಡಿಗೆ. ಟೈಲರಕ್ಕನಿಗೆ ಕೂಗಬೇಕು ಅನ್ನಿಸಿತು. ಆದರೆ ಹಿಂದೊಮ್ಮೆ ಕೂಗಿದವಳು ಅವಳು. ಆ ಕೂಗಿನ ಬೆಲೆ ಗೊತ್ತಿತ್ತು. ಬಾಯಿ ಬಿಗಿಹಿಡಿದಳು.

"ಇನ್ನು ಹೇಳಬೇಡ," ಎಂದಳು ಕೊನೆಗೆ. "ಕೈ ಮುಗೀತೀನಿ."

ಗಿರಗಿಟ್ಲೆ ನಕ್ಕಳು. ಕೆಟ್ಟ ನಗೆಯಲ್ಲ ಅದು. ಮಕ್ಕಳು ಆಗದ್ದನ್ನು ಕೇಳಿದಾಗ ದೊಡ್ಡವರು ನಗುವ ನಗೆ. "ಅಕ್ಕಾ, ನೀನು ಹೇಳಿದ್ದೀಯ, ನಾನು ಕೇಳಿದ್ದೀನಿ. ವಾಪಸ್ ಕೊಡಕ್ಕೆ ಅದೇನು ಕೊಡೇನಾ?"

ಮರುದಿನ ಬೆಳಿಗ್ಗೆ ಅವಳು ಹೊರಟುಹೋದಳು. ಮನೆಯಮ್ಮನ ಕಾಲಿಗೆ ಬಗ್ಗಿ, ದಾರಿಯ ಬುತ್ತಿ ಕಟ್ಟಿಸಿಕೊಂಡು, ಕೆಲಸದ ನೆಪ ಹೇಳಿ, ಒಳನಾಡಿನ ಬಸ್ಸು ಹತ್ತಿದಳು. ಅಕ್ಕ ಗುರುವಾರದ ಹಡಗಿಗೆ ಹೋಗುತ್ತಾಳೆ, ಅಲ್ಲಿಯವರೆಗೆ ನೋಡಿಕೊಳ್ಳಿ ಎಂದಳಂತೆ. ಟೈಲರಕ್ಕ ಕಿಟಕಿಯಿಂದ ನೋಡಿದಳು. ಚೀಲ ಮೆಟ್ಟಿಲಿಳಿದು, ತಿರುವಿನಲ್ಲಿ ಮರೆಯಾಯಿತು. ಆ ಚೀಲದೊಳಗೆ ತನ್ನ ತಂಗಿ ಇದ್ದಾಳೆ ಅನ್ನಿಸಿತು. ಇನ್ನು ಮುಂದೆ ತಾನು ಕಾಣದ ಊರುಗಳಲ್ಲಿ, ಹೆಸರು ಗೊತ್ತಿಲ್ಲದವರ ಅಡುಗೆಮನೆಗಳಲ್ಲಿ, ಒಂದು ಹೊತ್ತಿನ ಊಟಕ್ಕೆ ಒಂದು ಸಲದಂತೆ, ಅವಳು ಸಾಯುತ್ತಲೇ ಇರುತ್ತಾಳೆ. ಹಳಸುವವರೆಗೆ.

ಮೂರು ದಿನ ಉಳಿದಿತ್ತು. ಮನೆಯಮ್ಮನಿಗೆ ಎಲ್ಲವನ್ನೂ ಹೇಳಿಬಿಡಲೇ ಎಂದು ಎಷ್ಟೋ ಸಲ ಮೆಟ್ಟಿಲಿಳಿದಳು, ಎಷ್ಟೋ ಸಲ ಹಿಂದಿರುಗಿ, ಕಿವುಡಿಯಾಗಿಯೇ ಉಳಿದಳು. ಈಗ ಹೇಳಿದರೆ ಯಾರು ನಂಬುತ್ತಾರೆ? ಕೇಳಿದ ಕತೆಯನ್ನು ಕದ್ದು ಹೇಳುತ್ತಾಳೆ ಎನ್ನುತ್ತಾರೆ. ತಿರುಗಿ ನೋಡಿದ ತಂಗಿ, ಮಳೆ, ತೊಡೆಯ ಮೇಲಿನ ತಲೆ, ಇವೆಲ್ಲದರ ಮುಂದೆ ತನ್ನ ಬಡ ಸತ್ಯ ನಕಲಿಯಂತೆ ಕಾಣುತ್ತದೆ. ಸಂಜೆ ಕಣ್ಣು ಮುಚ್ಚಿ ಕೂತಳು. ಈ ಸಲ ಪಕ್ಕಕ್ಕೆ ಸರಿಯಲಿಲ್ಲ. 'ನಾನು ಅವಳನ್ನು ಹೋಗು ಅಂದೆ' ಎಂದು ಮನಸ್ಸಿನಲ್ಲೇ ನೆಟ್ಟಗೆ ಹೇಳಿದಳು. ಮೇಲಿರುವವನು ಎಂದಿನಂತೆ ಸುಮ್ಮನಿದ್ದ.

ಬುಧವಾರ ಬೆಳಿಗ್ಗೆ ಮನೆಯಮ್ಮ ಕೈಯಲ್ಲೊಂದು ಕಪ್ಪು ಕೋಟು ಹಿಡಿದು ಕೋಣೆಗೆ ಬಂದಳು.

"ಕೇಳಿಲ್ಲೀ! ನಮ್ಮ ಯಜಮಾನರ ಕೋಟೂ! ಅಳಿಯನಿಗೆ ತೋಳು ಉದ್ದಾ! ನಿನ್ನ ತಂಗಿ ಕೈಲಿ ಮಾಡಿಸೋಣ ಅಂತಿದ್ದೆ, ಟೈಲರ್ ಅಲ್ವಾ! ಹೊರಟೇಹೋದ್ಲು! ನಿನಗೆ ಸೂಜಿ ಹಿಡಿಯಕ್ಕೆ ಬರುತ್ತಾ!"

ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳಿಸಿರಬೇಕು. ಟೈಲರಕ್ಕ ಕೋಟು ತೆಗೆದುಕೊಂಡಳು. ಬೆರಳು ತಾನಾಗಿಯೇ ಹೊಲಿಗೆಯ ಮೇಲೆ ಓಡಿತು. ಒಳ್ಳೆಯ ಕೈಯ ಕೆಲಸ. ಮುಂಗೈಯಲ್ಲಿ ನಾಲ್ಕು ಗುಂಡಿ, ನಾಲ್ಕು ಕಾಜ. ಕೆಳಗಿನಿಂದ ಮೋಟು ಮಾಡಿದರೆ ಕಾಜ ಹಾಳಾಗುತ್ತದೆ. ಭುಜದಲ್ಲೇ ಬಿಚ್ಚಬೇಕು. ಅಡುಗೆಮನೆಯ ಮೇಜಿನ ಮೇಲೆ ಹಾಸಿ, ಜೊತೆಗೆ ತಂದಿದ್ದ ಹೊಲಿಗೆಯ ಡಬ್ಬಿಯಿಂದ ಚಿಕ್ಕ ಕತ್ತರಿ ತೆಗೆದಳು. ಮನೆಯಮ್ಮ ಕಾಳು ಬಿಡಿಸುತ್ತ ಎದುರು ಕೂತಳು. ದಾರ ಒಂದೊಂದಾಗಿ ಸಡಿಲವಾಯಿತು. ಎಡದ ತೋಳು ಕಳಚಿ ಕೈಗೆ ಬಂತು.

ಅದನ್ನು ಮೇಜಿನ ಮೇಲಿಡುವ ಮೊದಲು ಟೈಲರಕ್ಕ ಕೆಂಪು ದಾರದ ಚೂರೊಂದನ್ನು ಅದರ ಅಂಚಿಗೆ ಕಟ್ಟಿದಳು. ಗಂಟು ಹಾಕಿದಳು. ಎಳೆದು ನೋಡಿ, ಮತ್ತೊಂದು ಗಂಟು ಹಾಕಿದಳು.

"ಅದ್ಯಾಕೆ ಎರಡೆರಡು ಗಂಟು?" ಎಂದಳು ಮನೆಯಮ್ಮ, ತನ್ನಷ್ಟಕ್ಕೆ ಎಂಬಂತೆ, ಕಾಳಿನ ಮೇಲೇ ಕಣ್ಣಿಟ್ಟು, ಮೆಲುದನಿಯಲ್ಲಿ.

"ಎಡದ್ದು ಅಂತ ಗುರುತಿಗೆ. ಬಿಚ್ಚಿಹೋಗಬಾರದು," ಎಂದಳು ಟೈಲರಕ್ಕ. "ಮೊದಲು ಕಟ್ಟುತ್ತಿರಲಿಲ್ಲ. ಈಗ ಹನ್ನೊಂದು ತಿಂಗಳಿಂದ..."

ಮನೆಯಮ್ಮನ ಕೈ ನಿಂತಿತು. ಕೂಗದೆ ಆಡಿದ ಮಾತಿಗೆ ಉತ್ತರ ಬಂದಿತ್ತು. ಟೈಲರಕ್ಕನೂ ಅದನ್ನು ತಿಳಿದು, ತಲೆ ತಗ್ಗಿಸಿದಳು. ಕೆಂಪು ದಾರದ ಗಂಟನ್ನು ಬೆರಳಿನಿಂದ ಒತ್ತಿ ಹಿಡಿದಳು. ಮುದುಕಿ ಆ ದಾರವನ್ನು ನೋಡಿದಳು, ಆ ಬೆರಳನ್ನು ನೋಡಿದಳು, ಸೂಜಿ ಚುಚ್ಚಿ ಚುಚ್ಚಿ ಗಡುಸಾದ ಬೆರಳ ತುದಿಯನ್ನು ನೋಡಿದಳು.

"ಆವತ್ತು ಮಳೆ ಇತ್ತಾ?" ಎಂದು ಕೇಳಿದಳು.

"ಇಲ್ಲ ಅಮ್ಮ. ಬಿಸಿಲು."

"ತಿರುಗಿ ನೋಡಿದ್ಲಾ?"

"ಇಲ್ಲ."

"ನಿನ್ನ ತೊಡೆ ಮೇಲೆ..."

"ಬಸ್ ಸ್ಟಾಪಿನ ಬೆಂಚಿನ ಮೇಲೆ. ಒಬ್ಬಳೇ ಇದ್ದಳು. ನಾನು ಅಂಗಡಿಯಲ್ಲಿ ಬೈತಾ ಕೂತಿದ್ದೆ."

ಅಷ್ಟೇ ಇತ್ತು ಅವಳ ಕತೆ. ಅಲಂಕಾರವಿಲ್ಲದ, ಒಣಗಿದ ನಾಲ್ಕು ಮಾತು. ಹೇಳಿ ಮುಗಿಸಿ, ನಂಬುತ್ತೀರೋ ಇಲ್ಲವೋ ಎಂದು ಕೇಳುವ ಧೈರ್ಯವಿಲ್ಲದೆ, ಬಲದ ತೋಳು ಬಿಚ್ಚಲು ಕತ್ತರಿ ಎತ್ತಿಕೊಂಡಳು.

ಮನೆಯಮ್ಮ ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಹೋಗಿ ಕೈ ತೊಳೆದಳು. ಒರೆಸಿಕೊಂಡಳು. ಗಿರಗಿಟ್ಲೆಯನ್ನು ಬೈಯಲಿಲ್ಲ, ಮೋಸ ಎಂದು ಬಾಯಿ ಬಡಿದುಕೊಳ್ಳಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದು ಕೂತಳು.

"ನಿನಗೆ ಸೇರಬೇಕಾದ್ದೊಂದು ನನ್ನ ಹತ್ತಿರ ಇತ್ತು," ಎಂದಳು. "ಯಾರದು ಅಂತ ನೋಡದೆ ಬೇರೆಯವಳಿಗೆ ಕೊಟ್ಟುಬಿಟ್ಟೆ."

ಟೈಲರಕ್ಕನ ಕೈಯಿಂದ ಕತ್ತರಿಯನ್ನು ಮೆಲ್ಲಗೆ ಬಿಡಿಸಿ ಮೇಜಿನ ಮೇಲಿಟ್ಟಳು. ಇನ್ನೂ ತಣ್ಣಗಿದ್ದ ತನ್ನ ಅಗಲವಾದ ಕೈಯನ್ನು ಅವಳ ತಲೆಯ ಮೇಲೆ ಇಟ್ಟು, ಪಕ್ಕದ ಕೋಣೆಗೆ ಕೇಳದ ಹಾಗೆ, ಅವಳ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಬೀದಿ ತಿರುವು ದಾಟೋದರೊಳಗೇ ಮರೆತಿರ್ತಾಳೆ ಮಗಳೇ. ಸುಸ್ತಾಗಿತ್ತು, ಕೂತಳು. ಸಿಟ್ಟಿನಿಂದ ಕೂತದ್ದಲ್ಲ."